ಮನೆಯ ಹಿರಿಯರ ಆರೈಕೆಯನ್ನು ಅಳೆಯುವುದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನರಿಗೆ ಗುಣವನ್ನು ಅಳೆಯುವ ವಿದ್ಯೆ ಹೊಸದಲ್ಲ. ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವ ಹದವನ್ನು ಕಿವಿಯಿಂದಲೇ ಗುರುತಿಸುತ್ತೇವೆ. ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆ ಪ್ರಾಂಗಣ ಸೇರಿದ ಮೇಲೆ ಅದರ ಗಾತ್ರ, ಬಣ್ಣ, ತೇವ, ತೂಕ ಎಲ್ಲವೂ ಪರೀಕ್ಷೆಗೊಳಗಾಗುತ್ತವೆ. ಆದರೆ ಅದೇ ಮನೆಯ ನಡುಕೋಣೆಯಲ್ಲಿ ಹಾಸಿಗೆ ಹಿಡಿದಿರುವ ತಾಯಿಯ ಆರೈಕೆ ಹೇಗೆ ನಡೆದಿದೆ ಎಂದು ಕೇಳಿದರೆ, “ನಮ್ಮ ಶಕ್ತ್ಯಾನುಸಾರ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇವೆ” ಎಂಬ ಒಂದೇ ಉತ್ತರ ಎಲ್ಲ ಮನೆಗಳಿಂದಲೂ ಬರುತ್ತದೆ. ಈ ‘ಚೆನ್ನಾಗಿ’ ಎಂಬ ಮಾತಿಗೆ ಅಳತೆ ಯಾವುದು? ಅದನ್ನು ಕುರಿತು ಓದುಗ ಶರಣಬಂಧುಗಳೊಡನೆ ಒಂದಿಷ್ಟು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಮ್ಮ ಸಮಾಜದಲ್ಲಿ ಒಂದು ಅಳತೆ ರೂಢಿಯಲ್ಲಿದೆ. ಹಿರಿಯರು ಲಿಂಗೈಕ್ಯರಾದ ಮೇಲೆ ನಡೆಯುವ ಶಿವಗಣಾರಾಧನೆಗೆ ಎಷ್ಟು ಜನ ಬಂದರು, ಎಷ್ಟು ಬಗೆಯ ಅಡಿಗೆಯಾಯಿತು, ಗದ್ದಿಗೆ ಹೇಗೆ ಕಟ್ಟಿಸಿದರು ಎಂಬುದನ್ನು ನೋಡಿ “ಮಕ್ಕಳು ತಂದೆಗೆ ಏನೂ ಕಡಮೆ ಮಾಡಲಿಲ್ಲ” ಎನ್ನುತ್ತೇವೆ. ಆರಾಧನೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಅದು ಬದುಕಿರುವವರ ಗೌರವವನ್ನು ತೋರಿಸುತ್ತದೆಯೇ ಹೊರತು, ಹೋದವರು ಕೊನೆಯ ಎರಡು ವರ್ಷಗಳನ್ನು ಹೇಗೆ ಕಳೆದರೆಂಬುದನ್ನು ತಿಳಿಸುವುದಿಲ್ಲ. ಬೆನ್ನಿನಲ್ಲಿ ಹಾಸಿಗೆ ಹುಣ್ಣು ತುಂಬಿಕೊಂಡು ನರಳಿ ಹೋದವರ ಆರಾಧನೆಯೂ ವೈಭವದಿಂದ ನಡೆಯಬಲ್ಲದು. ಆದುದರಿಂದ ಅಳತೆ ಜೀವವಿರುವಾಗಲೇ ಆಗಬೇಕು. ತಿದ್ದಿಕೊಳ್ಳಲು ಅವಕಾಶವಿರುವುದು ಆಗ ಮಾತ್ರ.

ಸಂಖ್ಯೆಗಳು ಹೇಳುವ ಮಾತು

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ ಜನ; ಒಟ್ಟು ಜನಸಂಖ್ಯೆಯ ಶೇ. 8.6 ಭಾಗ. ಕರ್ನಾಟಕದಲ್ಲಿ ಆಗ ಇವರ ಪ್ರಮಾಣ ಶೇ. 9.5ರಷ್ಟಿತ್ತು. ಕೇಂದ್ರ ಸರಕಾರದ ತಜ್ಞರ ತಂಡ ಮಾಡಿದ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ ಈ ಪ್ರಮಾಣ 2021ಕ್ಕೆ ಶೇ. 11.5ಕ್ಕೂ, 2031ಕ್ಕೆ ಶೇ. 15ಕ್ಕೂ ಏರಬೇಕು. ಅಂದರೆ ಏಳು ಮಂದಿಯಲ್ಲಿ ಒಬ್ಬರು ಹಿರಿಯರಾಗಿರುವ ಕಾಲ ದೂರವಿಲ್ಲ.

ನಮ್ಮ ತೆಂಗಿನ ಸೀಮೆಯ ಸ್ಥಿತಿಗೆ ಇನ್ನೊಂದು ವಿಶೇಷವಿದೆ. ತೆಂಗು ನಿತ್ಯದ ದುಡಿಮೆಯನ್ನು ಬೇಡುವ ಬೆಳೆಯಲ್ಲ. ನೀರು ಕಟ್ಟುವವರು, ಕಾಯಿ ಕೀಳುವವರು, ಸುಲಿಯುವವರು ಆಗಾಗ ಬಂದು ಹೋದರೆ ತೋಟ ನಡೆಯುತ್ತದೆ. ಆದುದರಿಂದಲೇ ಮಕ್ಕಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದರೂ ತೋಟವನ್ನು ಮಾರಬೇಕಾಗಿ ಬಂದಿಲ್ಲ. ತಂದೆತಾಯಿಗಳು ಅಲ್ಲಿ ಉಳಿದು ಅದನ್ನು ಕಾಯುತ್ತಿದ್ದಾರೆ. ಹೊನ್ನವಳ್ಳಿ, ನೊಣವಿನಕೆರೆ, ದಂಡಿನಶಿವರ, ಮಾಯಸಂದ್ರ, ಹುಳಿಯಾರು, ಶೆಟ್ಟಿಕೆರೆ, ಯಾವ ಹೋಬಳಿಗೆ ಹೋದರೂ ಊರಿನಿಂದ ದೂರದಲ್ಲಿ ತೋಟದ ಮನೆಗಳು. ಅನೇಕ ಮನೆಗಳಲ್ಲಿ ಇಬ್ಬರೇ ವೃದ್ಧರು, ಕೆಲವೆಡೆ ಒಬ್ಬರೇ. ಮಗ ದೀಪಾವಳಿಗೆ, ಊರ ಜಾತ್ರೆಗೆ, ಕೊಬ್ಬರಿ ಮಾರುವ ದಿನಕ್ಕೆ ಬರುತ್ತಾನೆ. ಅವನ ಭಕ್ತಿಯಲ್ಲಿ ಕೊರತೆಯಿಲ್ಲದಿರಬಹುದು. ಆದರೆ ಬಚ್ಚಲಿನಲ್ಲಿ ಜಾರಿಬಿದ್ದ ತಂದೆಯ ಕೂಗು ಪಕ್ಕದ ತೋಟಕ್ಕೆ ಕೇಳಿಸುವುದೇ ಎಂಬುದು ಭಕ್ತಿಯಿಂದ ತೀರ್ಮಾನವಾಗುವ ವಿಷಯವಲ್ಲ.

ವಿದ್ವಾಂಸರು ಕಂಡುಕೊಂಡ ಅಳತೆಗಳು

ಲೋಕದ ಬೇರೆ ಬೇರೆ ಕಡೆಗಳಲ್ಲಿ ವೈದ್ಯರೂ ಸಮಾಜಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡು ಅರುವತ್ತು ವರ್ಷಗಳಿಗೂ ಮಿಕ್ಕಿವೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯ ಸಿಡ್ನಿ ಕಾಟ್ಜ್ ಅವರು ಸಂಗಡಿಗರೊಡನೆ 1963ರಲ್ಲಿ ಒಂದು ಸರಳ ಪಟ್ಟಿಯನ್ನು ಪ್ರಕಟಿಸಿದರು. ಸ್ನಾನ, ಬಟ್ಟೆ ಧರಿಸುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕೂರುವುದು, ಮಲಮೂತ್ರಗಳ ಹಿಡಿತ, ಊಟ ಮಾಡುವುದು ಎಂಬ ಆರು ಕೆಲಸಗಳಲ್ಲಿ ಹಿರಿಯರು ಎಷ್ಟನ್ನು ತಾವೇ ಮಾಡಿಕೊಳ್ಳಬಲ್ಲರು ಎಂಬುದು ಅದರ ತಿರುಳು. 1965ರಲ್ಲಿ ಬಂದ ಬಾರ್ತೆಲ್ ಸೂಚ್ಯಂಕದಲ್ಲಿ ಇಂತಹ ಹತ್ತು ಅಂಶಗಳಿಗೆ ನೂರು ಅಂಕ. ಪೇಟೆಗೆ ಹೋಗುವುದು, ಅಡಿಗೆ, ಹಣದ ಲೆಕ್ಕ, ಔಷಧ ಸೇವನೆ ಮೊದಲಾದ ಎಂಟು ವ್ಯವಹಾರಗಳ ಪಟ್ಟಿಯನ್ನು ಲಾಟನ್ ಮತ್ತು ಬ್ರೋಡಿ ಎಂಬುವರು 1969ರಲ್ಲಿ ಸೇರಿಸಿದರು. ಭಾರತದಲ್ಲಿ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಜನರನ್ನು 2017-18ರಲ್ಲಿ ಕಂಡು ಮಾಡಿದ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನದಲ್ಲಿಯೂ ಈ ಬಗೆಯ ಪ್ರಶ್ನೆಗಳನ್ನೇ ಕೇಳಲಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಪಟ್ಟಿಗಳು ಹಿರಿಯರ ಅಗತ್ಯವನ್ನು ಅಳೆಯುತ್ತವೆ, ನಮ್ಮ ಆರೈಕೆಯನ್ನಲ್ಲ. ಆರು ಕೆಲಸಗಳಲ್ಲಿ ಎರಡನ್ನು ಮಾತ್ರ ಮಾಡಿಕೊಳ್ಳಬಲ್ಲ ಇಬ್ಬರು ಅಜ್ಜಿಯರನ್ನು ಭಾವಿಸಿರಿ. ಒಬ್ಬರ ಮೈ ಶುಚಿಯಾಗಿದೆ, ಹಾಸಿಗೆ ಒಣಗಿದೆ, ಮುಖದಲ್ಲಿ ಮಾತಿದೆ. ಇನ್ನೊಬ್ಬರು ಒದ್ದೆ ಬಟ್ಟೆಯಲ್ಲಿ ಮಧ್ಯಾಹ್ನದವರೆಗೆ ಮಲಗಿದ್ದಾರೆ. ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಅಂಕ. ಹಾಗೆಯೇ, ವಯಸ್ಸಿನೊಡನೆ ಶಕ್ತಿ ಕುಂದುವುದು ಪ್ರಕೃತಿಧರ್ಮ. ಅಂಕ ಇಳಿದ ಮಾತ್ರಕ್ಕೆ ಸೊಸೆಯ ಸೇವೆ ಕಳಪೆಯೆಂದು ಹೇಳುವುದು ಅನ್ಯಾಯ.

ಈ ತೊಡಕನ್ನು ಬಿಡಿಸಲು ನೆರವಾಗುವವರು ಅವೆಡಿಸ್ ಡೊನಬೇಡಿಯನ್ ಎಂಬ ವಿದ್ವಾಂಸರು. ವೈದ್ಯಸೇವೆಯ ಗುಣವನ್ನು ಮೂರು ಕಡೆಗಳಿಂದ ನೋಡಬೇಕೆಂದು ಅವರು 1966ರಲ್ಲಿ ಬರೆದರು: ಇರುವ ವ್ಯವಸ್ಥೆ, ನಡೆಯುವ ಕ್ರಮ, ದೊರೆತ ಫಲ. ಮನೆಗೆ ಅನ್ವಯಿಸಿದರೆ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇರುವುದು ವ್ಯವಸ್ಥೆ; ಸ್ನಾನ ಮಾಡಿಸುವಾಗ ಒಬ್ಬರು ಜೊತೆಗಿರುವುದು ಕ್ರಮ; ವರ್ಷವಿಡೀ ಬೀಳದೆ ಇದ್ದುದು ಫಲ. ಮೂರನ್ನೂ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಮುಂದೆ ಇಂಗ್ಲೆಂಡಿನಲ್ಲಿ ರೂಪುಗೊಂಡ ‘ಆಸ್ಕಾಟ್’ ಎಂಬ ಅಳತೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಊಟ, ಶುಚಿತ್ವ, ಸುರಕ್ಷತೆಗಳ ಜೊತೆಗೆ ತನ್ನ ದಿನದ ಮೇಲೆ ತನಗಿರುವ ಹಿಡಿತ, ಜನರ ಒಡನಾಟ, ಮನಸ್ಸಿಗೆ ಹಿಡಿಸಿದ ಉದ್ಯೋಗ ಮತ್ತು ಘನತೆ ಇವೂ ಅದರಲ್ಲಿ ಸೇರಿವೆ. ಇತರರು ತನ್ನನ್ನು ನಡೆಸಿಕೊಳ್ಳುವ ರೀತಿಯಿಂದ ತನ್ನ ಬಗ್ಗೆ ತನಗೆ ಏನನ್ನಿಸುತ್ತದೆ ಎಂದೇ ಅದು ಹಿರಿಯರನ್ನು ಕೇಳುತ್ತದೆ.

ನಮ್ಮ ಮನೆಗೆ ಒಪ್ಪುವ ಪ್ರಶ್ನೆಗಳು

ಈ ಅಳತೆಗಳನ್ನು ನಮ್ಮ ಮನೆಗಳಿಗೆ ಇದ್ದಂತೆಯೇ ತರಲಾಗದು. ಅವುಗಳ ಸಾರವನ್ನು ಹಿಡಿದು, ನಮ್ಮ ಜೀವನಕ್ರಮಕ್ಕೆ ಒಪ್ಪುವ ಎಂಟು ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದ್ದೇವೆ. ಕೊಬ್ಬರಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಾದರೂ ಸರಿ, ತಿಂಗಳಿಗೊಮ್ಮೆ ಇವುಗಳಿಗೆ ಉತ್ತರ ಬರೆದಿಡಬಹುದು.

1. ಶುಚಿತ್ವ: ಕಳೆದ ವಾರದಲ್ಲಿ ಎಷ್ಟು ಬಾರಿ ಸ್ನಾನವಾಯಿತು? ಬಟ್ಟೆ ಒದ್ದೆಯಾದರೆ ಎಷ್ಟು ಹೊತ್ತಿನಲ್ಲಿ ಬದಲಾಗುತ್ತದೆ? ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸುವುದು ವಾಡಿಕೆಯ ನಿಯಮ. ಸೊಂಟ, ಬೆನ್ನು, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಹುಣ್ಣು ಕಾಣಿಸಿಕೊಂಡರೆ ಅದನ್ನು ಹಣೆಬರಹವೆನ್ನದೆ, ಆರೈಕೆಯಲ್ಲಿ ಎಲ್ಲಿಯೋ ತಿದ್ದಬೇಕಾದುದಿದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು.

2. ಊಟ: ಹಲ್ಲಿಲ್ಲದವರಿಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಸುಲಭವಾಗಿ ಇಳಿಯುತ್ತವೆ, ಆರಿದ ಮುದ್ದೆ ಇಳಿಯುವುದಿಲ್ಲ. ಮೂರು ತಿಂಗಳಲ್ಲಿ ಪ್ರಯತ್ನವಿಲ್ಲದೆ 3 ಕಿಲೋಗಿಂತ ಹೆಚ್ಚು ತೂಕ ಇಳಿದರೆ ಎಚ್ಚರಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಬ್ಬರಿ ಚೀಲ ತೂಗುವ ಯಂತ್ರ ಅನೇಕರ ಮನೆಯಲ್ಲಿದೆ. ತಿಂಗಳಿಗೊಮ್ಮೆ ತಾಯಿಯನ್ನು ಕೈಹಿಡಿದು ಅದರ ಮೇಲೆ ನಿಲ್ಲಿಸಿ ತೂಕ ಬರೆದಿಟ್ಟರೆ ದೊಡ್ಡ ಉಪಕಾರ.

3. ನಡಿಗೆ: ಹಳೆಯ ಮನೆಗಳ ಎತ್ತರದ ಹೊಸ್ತಿಲು, ಪಾಚಿ ಕಟ್ಟಿದ ಬಚ್ಚಲು, ಹಿತ್ತಿಲಾಚೆಯ ಶೌಚಗೃಹ, ರಾತ್ರಿಯ ಕತ್ತಲೆ ಇವು ನಾಲ್ಕೂ ಹಿರಿಯರ ಶತ್ರುಗಳು. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದರು? ಕೈಯೂರದೆ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 14 ಸೆಕೆಂಡು ಸಾಲದಿದ್ದರೆ ಕಾಲಿನ ಬಲ ಕುಂದಿದೆಯೆಂದು ತಿಳಿದು ವೈದ್ಯರ ಸಲಹೆ ಪಡೆಯಬೇಕು.

4. ಔಷಧ ಮತ್ತು ನೋವು: ರಕ್ತದೊತ್ತಡ, ಮಧುಮೇಹಗಳ ಮಾತ್ರೆಯನ್ನು ಯಾರು, ಯಾವ ಹೊತ್ತಿಗೆ ಕೊಡುತ್ತಾರೆ? ಮಾತ್ರೆ ಮುಗಿದ ಮೇಲೆ ತಂದುಕೊಡಲು ಎಷ್ಟು ದಿನ ಹಿಡಿಯುತ್ತದೆ? ನೋವಿದೆಯೇ ಎಂದು ಕೇಳುವವರಿದ್ದಾರೆಯೇ?

5. ಕಣ್ಣು, ಕಿವಿ, ನೆನಪು: ಇವು ಕುಂದಿದಾಗ “ವಯಸ್ಸಾಯಿತು” ಎಂದು ಕೈಬಿಡುವುದು ವಾಡಿಕೆ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಿದೆ, ಕಿವಿಗೆ ಉಪಕರಣವಿದೆ. ಮರೆವಿನ ಕಾಯಿಲೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು ಶೇ. 7.4 ಮಂದಿಗಿದೆಯೆಂದು ಮೇಲೆ ಹೇಳಿದ ಅಧ್ಯಯನದ ಮುಂದುವರಿದ ಭಾಗದಿಂದ ಅಂದಾಜು ಮಾಡಲಾಗಿದೆ. ಕೇಳಿದ್ದನ್ನೇ ಕೇಳುವ ಅಜ್ಜನಿಗೆ ಹಟವೆಂದು ಗದರುವ ಮೊದಲು ಅದು ರೋಗವಾಗಿರಬಹುದೆಂದು ಭಾವಿಸುವುದು ವಿವೇಕ.

6. ಒಡನಾಟ: ದಿನಕ್ಕೆ ಎಷ್ಟು ಹೊತ್ತು ಯಾರಾದರೂ ಪಕ್ಕದಲ್ಲಿ ಕುಳಿತು ಮಾತನಾಡುತ್ತಾರೆ? ತಟ್ಟೆಯಿಟ್ಟು ಹೋಗುವುದು ಒಡನಾಟವಲ್ಲ. ತೋಟದ ಮನೆಯಲ್ಲಿ ಒಂಟಿಯಾಗಿರುವವರಿಗೆ ನಿತ್ಯ ಒಂದು ಸಲ ದೂರವಾಣಿಯಲ್ಲಿ ಮಾತು, ವಾರಕ್ಕೊಮ್ಮೆ ನೆರೆಯವರ ಭೇಟಿ ಎಂಬ ಕಟ್ಟಳೆಯಾದರೂ ಇರಬೇಕು.

7. ಹಿಡಿತ: ತೋಟ ಬೆಳೆಸಿದವರು ಅವರು. ಕೊಬ್ಬರಿ ಮಾರಿದ ಹಣದಲ್ಲಿ ಅವರ ಕೈಗೆ ಎಷ್ಟು ಬರುತ್ತದೆ? ಮೊಮ್ಮಗುವಿಗೆ ಕೊಡಲು, ಮಠಕ್ಕೆ ಕಾಣಿಕೆ ಸಲ್ಲಿಸಲು ಅವರು ಮಗನ ಮುಂದೆ ಕೈಚಾಚಬೇಕೇ? ಏಳುವ ಹೊತ್ತು, ಉಣ್ಣುವ ಹೊತ್ತು, ಯಾವ ಮಗನ ಮನೆಯಲ್ಲಿ ಇರಬೇಕೆಂಬುದು ಅವರನ್ನು ಕೇಳಿ ನಿಶ್ಚಯವಾಗುತ್ತದೆಯೇ? ಹಿಸ್ಸೆಯಾದ ಮೇಲೆ ತಾಯಿಯನ್ನು ಒಬ್ಬ ಮಗನಿಗೂ ತಂದೆಯನ್ನು ಇನ್ನೊಬ್ಬನಿಗೂ ಹಂಚುವ ಪದ್ಧತಿ ಅಲ್ಲಲ್ಲಿ ಕಂಡುಬರುತ್ತಿದೆ. ಐವತ್ತು ವರ್ಷ ಕೂಡಿ ಬಾಳಿದವರನ್ನು ಹೊಲದಂತೆ ವಿಭಾಗಿಸುವುದಕ್ಕೆ ಯಾವ ಧರ್ಮದ ಒಪ್ಪಿಗೆಯೂ ಇಲ್ಲ.

8. ಪೂಜೆ: ವಿದೇಶದ ಯಾವ ಪಟ್ಟಿಯಲ್ಲಿಯೂ ಈ ಪ್ರಶ್ನೆ ಈ ರೂಪದಲ್ಲಿ ಸಿಗದು, ಆದರೆ ನಮ್ಮ ಹಿರಿಯರನ್ನು ಕೇಳಿದರೆ ಅನೇಕರು ಇದನ್ನೇ ಮೊದಲು ಹೇಳುವರು. ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿದವರು ಕರಪೀಠದಲ್ಲಿ ಲಿಂಗವನ್ನು ಹಿಡಿಯುವುದೆಂತು? ಕೈ ನಡುಗುವವರು ವಿಭೂತಿ ಧರಿಸುವುದೆಂತು? ಮನೆಯವರೊಬ್ಬರು ಐದು ನಿಮಿಷ ಪಕ್ಕದಲ್ಲಿ ಕುಳಿತು ಕೈಗೆ ಕೈ ಕೊಟ್ಟರೆ ಅವರ ದಿನವೇ ಬೇರೆಯಾಗುತ್ತದೆ. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ನೂರು ದಾಟಿದ ಮೇಲೂ ಪೂಜಾನಿಷ್ಠೆಯನ್ನು ಬಿಡದೆ, ಮಠದ ಮಕ್ಕಳನ್ನು ಕಾಣುತ್ತ ಬಾಳಿದುದನ್ನು ನಾಡೇ ನೋಡಿದೆ. ಅದರ ಹಿಂದೆ ಪೂಜ್ಯರ ಸಂಕಲ್ಪಬಲವಿದ್ದಂತೆ ಶಿಷ್ಯರ ಎಚ್ಚರದ ಸೇವೆಯೂ ಇತ್ತು.

ಕೇಳುವ ಬಗೆ

ಪ್ರಶ್ನೆಗಳು ಸರಿಯಾಗಿದ್ದರೂ ಕೇಳುವ ಬಗೆ ತಪ್ಪಿದರೆ ಉತ್ತರ ಸುಳ್ಳಾಗುತ್ತದೆ. ಶಿವಾನುಭವ ಗೋಷ್ಠಿಗಳಿಗಾಗಿ ಈ ಸೀಮೆಯ ಹಳ್ಳಿಗಳಲ್ಲಿ ತಿರುಗುವಾಗ ನಾವು ಮತ್ತೆ ಮತ್ತೆ ಕಂಡ ಸಂಗತಿಯೊಂದಿದೆ. ಮಗಸೊಸೆಯರ ಎದುರಿಗೆ “ಹೇಗಿದ್ದೀಯವ್ವ?” ಎಂದರೆ “ಏನೂ ತೊಂದರೆಯಿಲ್ಲ ಬುದ್ಧಿ, ಚೆನ್ನಾಗಿ ನೋಡಿಕೊಳ್ಳುತ್ತಾರೆ” ಎಂಬ ಮಾತು ಬಾಯಿಪಾಠದಂತೆ ಬರುತ್ತದೆ. ಅವರು ಒಳಗೆ ಹೋದ ಮೇಲೆ ಅದೇ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದುಂಟು. ಮನೆಯ ಮಾನ ಹೋದೀತೆಂಬ ಅಂಜಿಕೆ, ನಾಳೆ ಇವರ ಕೈಯಲ್ಲಿಯೇ ನೀರು ಕುಡಿಯಬೇಕಲ್ಲ ಎಂಬ ಲೆಕ್ಕ ಎರಡೂ ಅವರ ಬಾಯಿ ಕಟ್ಟುತ್ತವೆ. ಕೆಲವೆಡೆ ಇದರ ವಿಪರ್ಯಾಸವನ್ನೂ ಕಂಡಿದ್ದೇವೆ: ಸೊಸೆ ನಿಷ್ಠೆಯಿಂದ ಸೇವೆ ಮಾಡುತ್ತಿದ್ದರೂ ಅತ್ತೆ ಬಂದವರೆದುರಿಗೆಲ್ಲ ದೂರುವುದು. ಆದುದರಿಂದ ಒಬ್ಬರ ಮಾತೇ ಪ್ರಮಾಣವಲ್ಲ. ಹಿರಿಯರನ್ನು ಒಂಟಿಯಾಗಿ ಮಾತನಾಡಿಸಬೇಕು. ಜೊತೆಗೆ ಕಣ್ಣಿಗೆ ಕಾಣುವ ಸಾಕ್ಷ್ಯವನ್ನು ನೋಡಬೇಕು.

ನಾವು ಮಠದಲ್ಲಿ ಓದುತ್ತಿದ್ದಾಗ ವಯೋವೃದ್ಧ ಗುರುಗಳ ಸೇವೆ ವಿದ್ಯಾರ್ಥಿಗಳ ಪಾಳಿಯಾಗಿತ್ತು. ಪಾಳಿ ಬದಲಾಗುವಾಗ ಹಿರಿಯ ಶಾಸ್ತ್ರಿಗಳೊಬ್ಬರು ನಮ್ಮನ್ನು ಏನೂ ಕೇಳುತ್ತಿರಲಿಲ್ಲ. ನೇರವಾಗಿ ಹೋಗಿ ಹಾಸಿಗೆಯನ್ನು ಕೈಯಿಂದ ಮುಟ್ಟಿ ನೋಡುವರು, ನೀರಿನ ತಂಬಿಗೆ ಗುರುಗಳ ಕೈಗೆಟಕುವಲ್ಲಿದೆಯೇ ನೋಡುವರು, ಉಗುರು ನೋಡುವರು. ಅಷ್ಟರಲ್ಲಿ ನಮ್ಮ ಸೇವೆಯ ಪರೀಕ್ಷೆ ಮುಗಿದಿರುತ್ತಿತ್ತು. ಹಾಸಿಗೆ, ತಂಬಿಗೆ, ಉಗುರು ಈ ಮೂರೂ ಯಾರ ದಾಕ್ಷಿಣ್ಯಕ್ಕೂ ಒಳಗಾಗುವುದಿಲ್ಲ.

ಆರೈಕೆ ಮಾಡುವವರ ಆರೈಕೆ

ಇನ್ನೊಂದು ಮಾತನ್ನು ಮರೆಯಲಾಗದು. ಮನೆಯ ಆರೈಕೆಯೆಂದರೆ ಹೆಚ್ಚಿನೆಡೆ ಒಬ್ಬ ಹೆಣ್ಣುಮಗಳ ದುಡಿಮೆ. ಸೊಸೆಯೋ ಮಗಳೋ, ತಾನೇ ಐವತ್ತು ದಾಟಿದ ಹೆಂಡತಿಯೋ ಬೆಳಗಿನ ಕಸಮುಸುರೆಯಿಂದ ರಾತ್ರಿಯ ಮಗ್ಗುಲು ಬದಲಿಸುವವರೆಗೆ ಎಲ್ಲವನ್ನೂ ಹೊರುತ್ತಾಳೆ. ಹೊಗಳಿಕೆ ಮಾತ್ರ ಮಗನ ಪಾಲಿಗೆ. ಆರೈಕೆ ಮಾಡುವವರ ಮೇಲಿನ ಹೊರೆಯನ್ನೇ ಅಳೆಯುವ ಪ್ರಶ್ನಾವಳಿಯೊಂದನ್ನು ಜರಿಟ್ ಎಂಬ ವಿದ್ವಾಂಸರು 1980ರಲ್ಲಿ ರೂಪಿಸಿದರು. ಇಂದು ಬಳಕೆಯಲ್ಲಿರುವ ಅದರ ರೂಪದಲ್ಲಿ 22 ಪ್ರಶ್ನೆಗಳಿವೆ. ತನಗಾಗಿ ಸಮಯ ಉಳಿದಿದೆಯೇ, ಆರೋಗ್ಯ ಕೆಟ್ಟಿದೆಯೇ, ಸಿಟ್ಟು ಬರುತ್ತದೆಯೇ ಎಂಬಂತಹ ಪ್ರಶ್ನೆಗಳು ಅವು. ನಮ್ಮ ಪಟ್ಟಿಗೂ ಒಂಬತ್ತನೆಯ ಪ್ರಶ್ನೆಯಾಗಿ ಇದನ್ನು ಸೇರಿಸೋಣ: ಆರೈಕೆ ಮಾಡುವವರು ಕಳೆದ ತಿಂಗಳಲ್ಲಿ ಎಷ್ಟು ರಾತ್ರಿ ನೆಮ್ಮದಿಯಾಗಿ ಮಲಗಿದರು? ತೌರಿಗೆ ಹೋಗಿ ಎಷ್ಟು ದಿನವಾಯಿತು? ಉತ್ತರ ಕೇಳಲು ಸಂಕೋಚವಾದರೆ ಅಲ್ಲಿಯೇ ಉತ್ತರವಿದೆ. ಬೆಂಗಳೂರಿನಲ್ಲಿರುವ ಅಣ್ಣತಮ್ಮಂದಿರು ತಿಂಗಳಿಗೆ ಹಣ ಕಳುಹಿಸುವುದರ ಜೊತೆಗೆ ವರ್ಷಕ್ಕೆ ಕೆಲವು ವಾರ ತಾವೇ ಬಂದು ಪಾಳಿ ಹೊರಬೇಕು. ದಣಿದ ಕೈಯಿಂದ ಒಳ್ಳೆಯ ಸೇವೆ ಬಹುಕಾಲ ನಡೆಯದು.

ಕಾಯಿದೆಯ ನೆರವು

ಹೊರಗಿನಿಂದ ದಾದಿಯರನ್ನು ಕಳುಹಿಸುವ ಸಂಸ್ಥೆಗಳು ನಗರಗಳಲ್ಲಿ ಹೆಚ್ಚುತ್ತಿವೆ. ಅವುಗಳ ನೋಂದಣಿ, ಕನಿಷ್ಠ ಗುಣಮಟ್ಟ ಇವನ್ನು ಕಾಯಿದೆಯೊಳಗೆ ತರುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಯಿತು. ಅಂಗೀಕಾರವಾಗದೆ ಆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು. ಹೀಗಾಗಿ ದಾದಿಯನ್ನು ನೇಮಿಸುವವರು ಮೇಲಿನ ಪ್ರಶ್ನೆಗಳನ್ನು ತಾವೇ ಕೇಳಿಕೊಳ್ಳಬೇಕಾಗಿದೆ.

ಆದರೆ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ, ಪೋಷಣೆ ಕಾಯಿದೆ ಜಾರಿಯಲ್ಲಿದೆ. ಅದರಂತೆ ನೊಂದ ಹಿರಿಯರು ಉಪವಿಭಾಗಾಧಿಕಾರಿಗಳ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನಮ್ಮ ಮೂರೂ ತಾಲ್ಲೂಕುಗಳಿಗೆ ಉಪವಿಭಾಗದ ಕಛೇರಿ ತಿಪಟೂರಿನಲ್ಲಿಯೇ ಇದೆ. ಮಕ್ಕಳು ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ಕೊಡುವಂತೆ ಆದೇಶಿಸಲು ಅವಕಾಶವಿದೆ. ತೋಟವನ್ನು ದಾನಪತ್ರದ ಮೂಲಕ ಮಕ್ಕಳಿಗೆ ಬರೆದುಕೊಡುವವರು 23ನೆಯ ಕಲಮನ್ನು ವಿಶೇಷವಾಗಿ ಅರಿತಿರಬೇಕು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದ ಆಸ್ತಿಯನ್ನು, ಷರತ್ತು ತಪ್ಪಿದಾಗ ಹಿಂಪಡೆಯಲು ಅದು ದಾರಿ ಮಾಡುತ್ತದೆ. ಅಂತಹ ಷರತ್ತು ಇದ್ದುದು ಸ್ಥಾಪಿತವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ, ಈ ಕಾಯಿದೆಯನ್ನು ಹಿರಿಯರ ಹಿತಕ್ಕೆ ಒದಗುವಂತೆ ಉದಾರವಾಗಿ ಅರ್ಥೈಸಬೇಕೆಂದೂ ತಿಳಿಸಿತು. ಬಾಯಿಮಾತಿಗೆ ಬಿಡದೆ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಜಾಣತನ. ಅದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಸಂಕಟದಲ್ಲಿರುವವರಿಗೆ 14567 ಎಂಬ ರಾಷ್ಟ್ರೀಯ ಹಿರಿಯರ ಸಹಾಯವಾಣಿಯೂ ಇದೆ.

ಊರಿನ ಹೊಣೆ

ಕಾಯಿದೆ ಕೊನೆಯ ಬಾಗಿಲು. ಅದಕ್ಕೆ ಮೊದಲು ತಟ್ಟಬೇಕಾದ ಬಾಗಿಲು ನೆರೆಯವರದು. ಕೇರಳದ ಮಲಪ್ಪುರಂ, ಕೋಳಿಕೋಡ್ ಜಿಲ್ಲೆಗಳಲ್ಲಿ ಸುಮಾರು 2000ದ ವೇಳೆಗೆ, ಹಾಸಿಗೆ ಹಿಡಿದವರ ಮನೆಗಳಿಗೆ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಸರದಿಯಂತೆ ಹೋಗುವ ಏರ್ಪಾಟು ಬೆಳೆಯಿತು. 2008ರಲ್ಲಿ ಆ ರಾಜ್ಯ ಸರಕಾರವೇ ಇದಕ್ಕಾಗಿ ನೀತಿಯೊಂದನ್ನು ಪ್ರಕಟಿಸಿತು. ನಮ್ಮಲ್ಲಿ ಕೆರೆಗೋಡಿ-ರಂಗಾಪುರ, ಗೋಡೇಕೆರೆ, ಕುಪ್ಪೂರುಗಳಂತಹ ಶ್ರದ್ಧಾಕೇಂದ್ರಗಳಿವೆ. ಊರೂರಿನಲ್ಲಿ ಅಕ್ಕನ ಬಳಗಗಳಿವೆ, ಭಜನಾ ಮಂಡಳಿಗಳಿವೆ. ಪ್ರತಿ ಬಳಗದಿಂದ ಇಬ್ಬಿಬ್ಬರು ಸೋದರಿಯರು ತಿಂಗಳಿಗೊಮ್ಮೆ ತಮ್ಮ ಊರಿನ, ಸುತ್ತಲ ತೋಟದ ಮನೆಗಳ ಹಿರಿಯರನ್ನು ಜಾತಿ ಮತಗಳ ಭೇದವಿಲ್ಲದೆ ಕಂಡು ಬರಬಹುದು. ತಪ್ಪು ಹುಡುಕುವ ತನಿಖೆಯಂತೆ ಹೋಗದೆ, ಹೊರೆ ಹಂಚಿಕೊಳ್ಳುವ ನೆರೆಯವರಾಗಿ ಹೋಗಬೇಕು. ಹಿರಿಯರ ಬಳಿ ಅರ್ಧ ಗಂಟೆ ಕುಳಿತರೆ ಅಷ್ಟು ಹೊತ್ತು ಸೊಸೆಗೂ ಬಿಡುವು. ಕಂಡ ಕೊರತೆಯನ್ನು ಊರಿಗೆಲ್ಲ ಹೇಳದೆ ಆ ಮನೆಯವರಿಗೇ ಮೆಲುದನಿಯಲ್ಲಿ ಹೇಳಬೇಕು.

ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಒಂಬತ್ತು ಪ್ರಶ್ನೆಗಳ ಒಂದು ಪುಸ್ತಕ, ತಿಂಗಳಿಗೆ ಒಂದು ಮಧ್ಯಾಹ್ನ ಸಾಕು. ಈ ಸಂಚಿಕೆ ಕೈಸೇರಿದ ದಿನವೇ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಮೊದಲ ಪ್ರಶ್ನೆಯಿಂದ ಆರಂಭಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ. ಉತ್ತರ ಎಲ್ಲವೂ ಹಿತವಾಗಿರಲಾರದು. ಆದರೆ ಆ ತಾಯಿ ಇನ್ನೂ ಕೇಳಿಸಿಕೊಳ್ಳುತ್ತಿರುವಾಗಲೇ ತಿದ್ದಿಕೊಳ್ಳುವ ಭಾಗ್ಯ ನಮ್ಮದಾಗುತ್ತದೆ.